ಮಲ್ಲಯ್ಯನ ಹಾದಿಯಲ್ಲಿ ಕರಡಿ



‘ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಪೂಜೆಗೆ ಕುಳಿತಲ್ಲಿ ಕರಡಿಯನ್ನು ತಂದು ಬಿಡುವ ಮೂರ್ಖನಾದರೂ ಯಾರಿದ್ದಾನು? ಮಠದಲ್ಲಿ ನಮಗೆ ಪಾಠ ಹೇಳಿದ ಹಿರಿಯರು ಇದನ್ನು ಬೇರೊಂದು ಬಗೆಯಲ್ಲಿ ಬಿಡಿಸುತ್ತಿದ್ದರು. ಅದು ಕರಡಿಯಲ್ಲ, ಇಷ್ಟಲಿಂಗವನ್ನು ಇರಿಸುವ ಕರಡಿಗೆ. ಪೂಜೆಗೆ ಕುಳಿತವನು ಕರಡಿಗೆಯನ್ನೇ ಮರೆತು ಬಿಟ್ಟು ಬಂದನೆಂಬುದು ಮೂಲಾರ್ಥ, ‘ಗೆ’ಕಾರ ಜಾರಿಹೋದುದರಿಂದ ಪಾಪದ ಮೃಗವೊಂದು ಗಾದೆಯೊಳಗೆ ಸಿಕ್ಕಿಕೊಂಡಿತು ಎಂಬುದು ಅವರ ವಿವರಣೆ. ಕರಡೆಯೆಂಬ ವಾದ್ಯದ ಗದ್ದಲವೇ ಅದರ ಮೂಲವೆಂದು ವಾದಿಸುವವರೂ ಉಂಟು. ನಮ್ಮ ಸೀಮೆಯ ಜಾತ್ರೆಗಳಲ್ಲಿ ಕರಡಿ ಮಜಲು ಕೇಳಿದವರಿಗೆ ಆ ವಾದವೂ ಸುಳ್ಳೆನಿಸದು.

ಇರಲಿ, ಈ ತಿಂಗಳು ನಾವು ಬರೆಯಹೊರಟಿರುವುದು ಕರಡಿಗೆಯ ವಿಷಯವಲ್ಲ. ನಾಲ್ಕು ಕಾಲಿನ, ಕರಿಯ ಕೂದಲಿನ, ಸಾಕ್ಷಾತ್ ಕರಡಿಯ ವಿಷಯ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಗೃಹಸ್ಥರಿಗೆ ಇದು ಏತಕ್ಕೆಂದು ತೋರಬಹುದು. ನಮ್ಮದು ಕಬ್ಬಿನ ನಾಡು. ಬೀಳಗಿ ಮುಧೋಳಗಳ ನಡುವೆ ಯಡಹಳ್ಳಿಯ ಕುರುಚಲು ಗುಡ್ಡಗಳಲ್ಲಿ ಚಿಂಕಾರ ಜಿಂಕೆಗಳಿವೆ, ತೋಳಗಳಿವೆ. 2016ರಲ್ಲಿ ಅದು ಚಿಂಕಾರ ವನ್ಯಧಾಮವೆಂದು ಘೋಷಿತವೂ ಆಯಿತು. ಆದರೆ ಕರಡಿಯ ನೆಲೆ ಇಲ್ಲಿಲ್ಲ. ಕರಡಿ ನಮ್ಮ ಊರಿಗೆ ಬರುವುದಿಲ್ಲವೆಂಬುದು ದಿಟ. ನಾವೇ ಅದರ ಊರಿಗೆ ಹೋಗುತ್ತೇವೆ. ಶಿವರಾತ್ರಿ ಮುಗಿದು ಹೋಳಿಹುಣ್ಣಿಮೆ ಸಮೀಪಿಸಿತೆಂದರೆ ನಮ್ಮ ಊರೂರುಗಳಿಂದ ಮಲ್ಲಯ್ಯನ ಕಂಬಿ ಹೊರಡುತ್ತದೆ. ಮನೆಗೊಬ್ಬರಂತೆ, ಕೆಲವೆಡೆ ಮನೆಮಂದಿಯೆಲ್ಲ, ಯುಗಾದಿಯ ಹೊತ್ತಿಗೆ ಶ್ರೀಶೈಲವನ್ನು ಮುಟ್ಟಲು 400 ಕಿಲೋಮೀಟರಿಗೂ ಮಿಕ್ಕಿದ ಹಾದಿಯನ್ನು ಕಾಲ್ನಡಿಗೆಯಲ್ಲಿ ಸವೆಸುತ್ತಾರೆ. ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯವರೂ ಉಂಟು. ಆತ್ಮಕೂರನ್ನು ದಾಟಿ ವೆಂಕಟಾಪುರದಿಂದ ಮುಂದೆ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರಗಳವರೆಗಿನ ಹಾದಿ ನಲ್ಲಮಲೆಯ ಅಡವಿಯೊಳಗಿನದು. 1983ರಲ್ಲಿ ಹುಲಿ ಮೀಸಲೆಂದು ಸಾರಲ್ಪಟ್ಟ ನಾಗಾರ್ಜುನಸಾಗರ-ಶ್ರೀಶೈಲ ಅರಣ್ಯವೆಂದರೆ ಇದೇ. ದೇಶದ ಹುಲಿ ಮೀಸಲುಗಳಲ್ಲಿ ವಿಸ್ತಾರದಲ್ಲಿ ಇದಕ್ಕೆ ಮಿಗಿಲಾದುದಿಲ್ಲ. ಹುಲಿಯನ್ನು ಪಾದಯಾತ್ರಿಗಳು ಕಾಣುವುದು ಅತ್ಯಪರೂಪ. ಅದು ಮನುಷ್ಯರ ಸದ್ದು ಕೇಳಿ ತಾನೇ ಸರಿದು ಹೋಗುತ್ತದೆ. ಕರಡಿಯ ಮಾತು ಬೇರೆ.

ಇದನ್ನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಮೂವತ್ತೈದು ವರ್ಷಗಳ ಹಿಂದಿನ ಮಾತು. ಆಗ ನಾವು ಮಠದ ವಿದ್ಯಾಭ್ಯಾಸ ಮುಗಿಸಿ ಊರೂರಿಗೆ ಪ್ರವಚನ ಹೇಳುತ್ತಿದ್ದ ತರುಣರು. ತಿಳಿದುದಕ್ಕಿಂತ ಹೇಳುವುದೇ ಹೆಚ್ಚಾಗಿದ್ದ ವಯಸ್ಸು. ಪಾದಯಾತ್ರೆಯ ತಂಡವೊಂದರ ಜೊತೆಗೆ ಹೊರಟಿದ್ದೆವು. ಅಡವಿಯನ್ನು ಹೊಗುವ ಹಿಂದಿನ ಸಂಜೆ ತಾಯಂದಿರು ಕಾಡುಮೃಗಗಳ ಭಯವನ್ನು ಆಡಿಕೊಂಡಾಗ, ಮಲ್ಲಯ್ಯನ ಹೆಸರು ಹೇಳಿ ನಡೆಯುವವರನ್ನು ಯಾವ ಮೃಗವೂ ಮುಟ್ಟದು, ಅಕ್ಕಮಹಾದೇವಿ ಒಬ್ಬಂಟಿಯಾಗಿ ದಾಟಿದ ಅಡವಿಯಿದು ಎಂದು ನಾವು ಬಹಳ ಆವೇಶದಿಂದ ಹೇಳಿದೆವು. ಎಲ್ಲರೂ ತಲೆದೂಗಿದರು. ಮಾರನೆಯ ದಿನ ಬೀಡುಬಿಟ್ಟಲ್ಲಿ, ಇನ್ನೂ ಕತ್ತಲಿರುವಾಗ, ಬನಹಟ್ಟಿಯ ಕಡೆಯ ನೇಕಾರ ತರುಣನೊಬ್ಬ ತಂಬಿಗೆ ಹಿಡಿದು ಒಬ್ಬನೇ ಪೊದೆಗಳತ್ತ ಹೋದ. ಇಪ್ಪೆಯ ಹೂವು ಉದುರುವ ಕಾಲ. ಮರದ ಬುಡದಲ್ಲಿ ಹೂ ಮೇಯುತ್ತಿದ್ದ ತಾಯಿಕರಡಿ, ಅದರ ಬೆನ್ನಮೇಲೆ ಮರಿ. ಹತ್ತಿಪ್ಪತ್ತು ಹೆಜ್ಜೆಯಷ್ಟು ಹತ್ತಿರಕ್ಕೆ ಬರುವವರೆಗೆ ಅದು ಇವನನ್ನು ಅರಿಯಲಿಲ್ಲ, ಇವನು ಅದನ್ನು ಕಾಣಲಿಲ್ಲ. ಕಂಡೊಡನೆ ಓಡಿದ. ನಾವು ಕೂಗು ಕೇಳಿ ದೀವಟಿಗೆ ಹಿಡಿದು ಹೋಗುವಷ್ಟರಲ್ಲಿ ಕರಡಿ ಹೊರಟುಹೋಗಿತ್ತು. ಅದು ಅಲ್ಲಿದ್ದುದೇ ನಾಲ್ಕೈದು ಉಸಿರಿನಷ್ಟು ಹೊತ್ತು. ಮುಖದ ಬಲಭಾಗ ಉಳಿದಿರಲಿಲ್ಲವೆಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ಕಂಬಳಿಯಲ್ಲಿ ಹೊತ್ತು ಮೋಟಾರು ರಸ್ತೆಗೆ ತರುವುದಕ್ಕೇ ಅರ್ಧ ದಿನ ಹಿಡಿಯಿತು. ಯಾರೋ ಅರಿಷಿಣ ಮೆತ್ತಿದರು, ಇನ್ನಾರೋ ತಂಬಾಕಿನ ಪುಡಿ. ಜೀವ ಉಳಿಯಿತು, ಬಲಗಣ್ಣು ಹೋಯಿತು. ಆದರೆ ನಮ್ಮನ್ನು ಇಂದಿಗೂ ಕಾಡುವುದು ಅದಲ್ಲ. ಉಳಿದ ಹಾದಿಯುದ್ದಕ್ಕೂ ತಂಡದಲ್ಲಿ ಒಂದೇ ಪಿಸುಮಾತು: ಅವನಿಂದ ಏನೋ ಮೈಲಿಗೆಯಾಗಿರಬೇಕು, ವ್ರತ ತಪ್ಪಿರಬೇಕು, ಇಲ್ಲವಾದರೆ ಮಲ್ಲಯ್ಯ ಬಿಟ್ಟುಕೊಡುತ್ತಿರಲಿಲ್ಲ. ಆ ತರ್ಕಕ್ಕೆ ಅಡಿಪಾಯ ಹಾಕಿದ್ದು ನಮ್ಮದೇ ಪ್ರವಚನ. ಆಸ್ಪತ್ರೆಗೆ ನೋಡಲು ಹೋದಾಗ ಅವನು ಪಟ್ಟಿಯ ಎಡೆಯಿಂದ ಒಂದೇ ಕಣ್ಣಿನಲ್ಲಿ ನಮ್ಮನ್ನು ನೋಡಿ, “ನನ್ನಿಂದ ಏನು ತಪ್ಪಾತ್ರಿ, ಅಪ್ಪಾರ?” ಎಂದು ಕೇಳಿದ. ಶಾಸ್ತ್ರ ಓದಿದ ನಮಗೆ ಉತ್ತರ ತೋಚಲಿಲ್ಲ. ಉತ್ತರ ಹೇಳಿದವನು ಆ ಅಡವಿಯಲ್ಲೇ ಬದುಕುವ ಚೆಂಚು ಜನಾಂಗದ ಒಬ್ಬ ಮುದುಕ, ಅದೂ ಮುಂದಿನ ವರ್ಷ. ಹುಡುಗ ಮಾಡಿದ ತಪ್ಪೆಂದರೆ ಸದ್ದಿಲ್ಲದೆ ನಡೆದುದು, ಒಬ್ಬನೇ ಹೋದುದು, ಓಡಿದುದು ಎಂದ. ಮೂರೂ ತಪ್ಪುಗಳನ್ನು ತಪ್ಪೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕರಡಿಯ ಸ್ವಭಾವವನ್ನು ಸ್ವಲ್ಪ ತಿಳಿದರೆ ಆ ಮುದುಕನ ಮಾತು ಎಷ್ಟು ನಿಜವೆಂಬುದು ಮನವರಿಕೆಯಾಗುತ್ತದೆ. ನಮ್ಮ ದೇಶದ ಈ ಕರಡಿ ಮಾಂಸಕ್ಕಾಗಿ ಬೇಟೆಯಾಡುವ ಪ್ರಾಣಿಯಲ್ಲ. ಗೆದ್ದಲು, ಇರುವೆ, ಜೇನು, ಕಾಡಿನ ಹಣ್ಣು ಹೂವುಗಳೇ ಅದರ ಆಹಾರ. ಮೇಲ್ದವಡೆಯ ನಡುವಿನ ಎರಡು ಹಲ್ಲುಗಳು ಅದಕ್ಕಿಲ್ಲ. ಆ ಸಂದಿನಿಂದ ಗೆದ್ದಲನ್ನು ತಿದಿಯೂದಿದಂತೆ ಸದ್ದುಮಾಡುತ್ತ ಹೀರುತ್ತದೆ. ಹುತ್ತ ಅಗೆಯಲೆಂದು ದೇವರು ಕೊಟ್ಟ ಉಗುರುಗಳು ಬೆರಳುದ್ದ. ಆ ಉಗುರುಗಳನ್ನು ನೋಡಿಯೇ 1791ರಲ್ಲಿ ಇದಕ್ಕೆ ಹೆಸರಿಟ್ಟ ಆಂಗ್ಲ ವಿದ್ವಾಂಸ ಇದನ್ನು ದಕ್ಷಿಣ ಅಮೆರಿಕೆಯ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಬಂಧುವೆಂದು ಭ್ರಮಿಸಿದ. ಇಂಗ್ಲಿಷಿನಲ್ಲಿ ಆ ಹೆಸರೇ ಉಳಿದಿದೆ. ಸೋಮಾರಿಯೆಂದು ನಂಬಿ ಓಡಿದವನ ಗತಿ ಮಾತ್ರ ಬೇರೆ, ಕರಡಿ ಮನುಷ್ಯನಿಗಿಂತ ವೇಗವಾಗಿ ಓಡಬಲ್ಲದು, ಮರ ಹತ್ತಬಲ್ಲದು. ಮೂಗು ಬಲು ಚುರುಕು, ಕಣ್ಣು ಮಂದ. ಹುತ್ತದಲ್ಲಿ ಮೂತಿಯಿಟ್ಟು ಹೀರುವಾಗ ಸುತ್ತಲಿನ ಸದ್ದೂ ಅದಕ್ಕೆ ಕೇಳಿಸದು. ಆಗ ಮನುಷ್ಯ ಪಕ್ಕಕ್ಕೇ ಬಂದುಬಿಟ್ಟರೆ ಬೆಚ್ಚಿಬೀಳುತ್ತದೆ. ಹುಲಿ ಚಿರತೆಗಳಿರುವ ಅಡವಿಯಲ್ಲಿ ಬಾಳಿಬಂದ ಪ್ರಾಣಿ. ಬೆಚ್ಚಿದಾಗ ಪಲಾಯನಕ್ಕಿಂತ ಎದುರುಬೀಳುವುದೇ ಅದರ ರಕ್ತಗುಣ. ಹೊಡೆಯುವುದು ತಲೆ ಮುಖಗಳಿಗೆ. ಹೊಡೆದು, ಅಪಾಯ ಕಳೆಯಿತೆಂದು ತೋರಿದೊಡನೆ ಹೊರಟುಹೋಗುತ್ತದೆ. ಅರಸೀಕೆರೆಯ ಕಡೆ ಹನ್ನೆರಡು ಜನರನ್ನು ಕೊಂದ ಕರಡಿಯೊಂದರ ಕಥೆಯನ್ನು ಬೇಟೆಗಾರ ಕೆನೆತ್ ಆ್ಯಂಡರ್ಸನ್ ಬರೆದಿದ್ದಾರೆ. ಅಂಥ ಹುಚ್ಚು ಕರಡಿ ಲಕ್ಷಕ್ಕೊಂದು.

ಯಾತ್ರೆಯ ಕಾಲವನ್ನೂ ಗಮನಿಸಬೇಕು. ಕರಡಿ ಈಯುವುದು ಬಹುಮಟ್ಟಿಗೆ ಚಳಿಗಾಲದಲ್ಲಿ, ಕಲ್ಲುಗವಿಗಳಲ್ಲಿ. ಎರಡು ಮೂರು ತಿಂಗಳಾದ ಮೇಲೆ ಮರಿಗಳು ತಾಯಿಯ ಬೆನ್ನೇರಿ ಹೊರಬರುತ್ತವೆ. ಹೀಗೆ ಮರಿಯನ್ನು ಬೆನ್ನಮೇಲೆ ಹೊತ್ತು ತಿರುಗುವುದು ಈ ಜಾತಿಯ ಕರಡಿಯ ವಿಶೇಷ. ಅಂದರೆ ನಮ್ಮವರು ಕಂಬಿ ಹೊತ್ತು ಅಡವಿ ಹೊಗುವ ಹೊತ್ತಿಗೆ ಅದೂ ಮರಿ ಹೊತ್ತು ನಡೆದಿರುತ್ತದೆ. ಬೇಸಗೆಯ ನೀರು ಕೆಲವೇ ಕೊಳ್ಳಗಳಲ್ಲಿ ಉಳಿದಿರುತ್ತದೆ, ಅದಕ್ಕೂ ನಮಗೂ ಒಂದೇ ನೀರು. ಕರಡಿ ತಿರುಗುವುದು ಹೊತ್ತು ಮುಳುಗಿದಾಗಿನಿಂದ ಬೆಳಗಾಗುವವರೆಗೆ. ಬಿಸಿಲಿಗೆ ಹೆದರಿ ನಮ್ಮವರು ನಡೆಯಬಯಸುವುದೂ ಅದೇ ವೇಳೆಯಲ್ಲಿ. ಬಯಲುಸೀಮೆಯ ಹಾದಿಯಲ್ಲಿ ಬೆಳಗಿನ ಜಾವದ ನಡಿಗೆ ಸರಿ. ನಲ್ಲಮಲೆಯೊಳಗೆ ಮಾತ್ರ ಬಿಸಿಲಾದರೂ ಚಿಂತೆಯಿಲ್ಲ, ಬೆಳಕು ಹರಿದ ಮೇಲೆಯೇ ಹೆಜ್ಜೆಯಿಡಬೇಕು, ಸಂಜೆಗೆ ಮುನ್ನ ಬೀಡು ಸೇರಬೇಕು. ಅರಣ್ಯ ಇಲಾಖೆಯವರು ಹೇಳಿದ ವೇಳೆಯನ್ನೂ ಹಾದಿಯನ್ನೂ ಮೀರಬಾರದು. 2023ರ ಆಗಸ್ಟಿನಲ್ಲಿ ತಿರುಮಲೆಯ ಅಲಿಪಿರಿ ಮೆಟ್ಟಿಲು ಹಾದಿಯಲ್ಲಿ ಆರು ವರ್ಷದ ಕೂಸು ಚಿರತೆಯ ಪಾಲಾದ ಬಳಿಕ, ಹದಿನೈದು ವರ್ಷದೊಳಗಿನ ಮಕ್ಕಳನ್ನು ಮಧ್ಯಾಹ್ನ 2 ಗಂಟೆಯ ಮೇಲೆ ಆ ಹಾದಿಯಲ್ಲಿ ಬಿಡಬಾರದೆಂದು ದೇವಸ್ಥಾನದವರು ಕಟ್ಟಳೆ ಮಾಡಿದರು, ಯಾತ್ರಿಕರ ಕೈಗೆ ಕೋಲು ಕೊಟ್ಟರು. ಆ ಹಾದಿಯ ಕ್ಯಾಮೆರಾಗಳಲ್ಲಿ ಕರಡಿಯೂ ಕಂಡಿತ್ತು. ಮಗುವನ್ನು ಕಳೆದುಕೊಂಡ ಮೇಲೆ ಮಾಡಿದ ಕಟ್ಟಳೆಯನ್ನು ನಾವು ಕಳೆದುಕೊಳ್ಳುವ ಮೊದಲೇ ಮಾಡಿಕೊಳ್ಳಬಾರದೆ?

ನಡೆಯುವಾಗ ಐದಾರು ಜನರಾದರೂ ಕೂಡಿರಬೇಕು, ಮಕ್ಕಳು ನಡುವಿರಬೇಕು. ಬಾಯಿ ಸುಮ್ಮನಿರಬಾರದು. ಮಲ್ಲಯ್ಯನ ಉಘೇ ಹಾಕಿರಿ, ಭಜನೆ ಹಾಡಿರಿ, ತಾಳ ಬಡಿಯಿರಿ. ಸದ್ದು ಮುಂದೆ ಮುಂದೆ ಹೋದರೆ ಕರಡಿ ತಾನಾಗಿ ಬದಿಗೆ ಸರಿಯಲು ಅವಕಾಶ ಸಿಗುತ್ತದೆ. ನಮ್ಮ ಹಿರಿಯರು ದಾರಿಯುದ್ದಕ್ಕೂ ಹಾಡುತ್ತ ನಡೆದುದಕ್ಕೆ ಭಕ್ತಿಯೊಂದೇ ಕಾರಣವೋ, ಇದೂ ಒಂದು ಕಾರಣವೋ ಬಲ್ಲವರು ಹೇಳಲಿ. ಈಗಿನ ಮಕ್ಕಳು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಮೌನವಾಗಿ ನಡೆಯುತ್ತಾರೆ. ಅಡವಿಯಲ್ಲಿ ಅದನ್ನು ಬಿಚ್ಚಿಸಿರಿ. ಬಹಿರ್ದೆಸೆಗೆ ಹೋಗುವಾಗ ಇಬ್ಬರು ಮೂವರು ಕೂಡಿ, ಬ್ಯಾಟರಿ ಹಿಡಿದು, ಮಾತಾಡುತ್ತ ಹೋಗಬೇಕು. ಹೆಣ್ಣುಮಕ್ಕಳು ಸಂಕೋಚದಿಂದ ಕತ್ತಲಲ್ಲಿ ದೂರ ಹೋಗುತ್ತಾರೆ. ತಂಡದ ಮುಖ್ಯಸ್ಥರು ಬೀಡಿನ ಹತ್ತಿರವೇ ನಾಲ್ಕು ತಟ್ಟಿ ಕಟ್ಟಿ ಮರೆಮಾಡಿಕೊಡುವುದು ದಾಸೋಹದಷ್ಟೇ ದೊಡ್ಡ ಸೇವೆ. ನಾಯಿಯನ್ನು ಒಯ್ಯಬೇಡಿರಿ. ನಮ್ಮ ಮುಧೋಳದ ನಾಯಿ ಲೋಕವಿಖ್ಯಾತವಿರಬಹುದು, ಸೇನೆಯವರೂ ಒಯ್ದಿರಬಹುದು. ಆದರೆ ನಾಯಿ ಕರಡಿಯನ್ನು ಕೆಣಕಿ, ಕೊನೆಗೆ ಒಡೆಯನ ಕಾಲಸಂದಿಗೇ ಓಡಿಬರುತ್ತದೆ, ಹಿಂದೆ ಕರಡಿಯನ್ನು ಕರೆದುಕೊಂಡು.

ದೂರದಲ್ಲಿ ಕರಡಿ ಕಂಡರೆ ನಿಲ್ಲಿರಿ. ಓಡಬೇಡಿರಿ, ಕಲ್ಲೆಸೆಯಬೇಡಿರಿ, ಸುತ್ತುವರಿದು ಚಿತ್ರ ತೆಗೆಯಬೇಡಿರಿ. ಅದರ ಕಡೆಗೆ ಮುಖವಿಟ್ಟೇ ಮೆಲ್ಲಮೆಲ್ಲನೆ ಹಿಂದೆ ಸರಿದು ಅದಕ್ಕೆ ದಾರಿ ಬಿಡಿರಿ. ಹಿಂಗಾಲ ಮೇಲೆ ಎದ್ದು ನಿಂತಿತೆಂದರೆ ವಾಸನೆ ಹಿಡಿದು ಯಾರೆಂದು ತಿಳಿಯಲು ನೋಡುತ್ತಿದೆಯೆಂದು ಅರ್ಥ. ಮೇಲೆಯೇ ಬಿದ್ದರೆ ಬೋರಲಾಗಿ ನೆಲಕ್ಕೊರಗಿ, ಮುಖವನ್ನು ಮಣ್ಣಿಗೊತ್ತಿ, ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದು ಅಲುಗದೆ ಬಿದ್ದಿರಬೇಕೆಂದು ಕರಡಿಗಳನ್ನು ಬಲ್ಲ ತಜ್ಞರು ಹೇಳುತ್ತಾರೆ. ಬೆನ್ನಿಗೆ ಕಟ್ಟಿದ ಗಂಟು ಆಗ ಗುರಾಣಿಯಾಗುತ್ತದೆ. ಅಮೆರಿಕೆಯಲ್ಲಿ ನೆಲೆಸಿದ ನಮ್ಮವರ ಮಕ್ಕಳು ಇದಕ್ಕೆ ವಿರುದ್ಧವಾದುದನ್ನು ಹೇಳಿಯಾರು. ಅಲ್ಲಿನ ಕಪ್ಪು ಕರಡಿ ಮೇಲೆ ಬಿದ್ದರೆ ಸತ್ತಂತೆ ಬೀಳದೆ ಎದುರಿಸಬೇಕೆಂದು ಕಲಿಸುತ್ತಾರೆ. ಅದು ಬೇರೆ ಜಾತಿ, ಅದರ ಸ್ವಭಾವ ಬೇರೆ. ಅಲ್ಲಿಯ ಪಾಠ ಅಲ್ಲಿಗೇ ಸರಿ.

ಗಾಯವಾದರೆ ಅರಿಷಿಣ, ತಂಬಾಕು, ಕಾಫಿಪುಡಿ ಯಾವುದೂ ಬೇಡ. ಒಗೆದ ಬಟ್ಟೆಯಿಂದ ಒತ್ತಿಹಿಡಿದು ರಕ್ತ ನಿಲ್ಲಿಸಬೇಕು; ಸಣ್ಣ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆಯಬೇಕು; 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಬೇಕು. ಹುಚ್ಚುನಾಯಿ ಕಡಿತಕ್ಕೆ ಕೊಡುವ ಲಸಿಕೆ ಕರಡಿ ಕಡಿತಕ್ಕೂ ಬೇಕೆಂಬುದನ್ನು ಬಹಳ ಮಂದಿ ಅರಿಯರು, ಕೇಳಿ ಹಾಕಿಸಿಕೊಳ್ಳಬೇಕು. ಅರಣ್ಯ ಇಲಾಖೆಗೆ ಅಂದೇ ತಿಳಿಸಿದರೆ ಪರಿಹಾರಕ್ಕೂ ದಾರಿಯಾಗುತ್ತದೆ.

ಇನ್ನು ದಾಸೋಹದ ವಿಷಯ. ಇದನ್ನು ಬರೆಯಲು ನಮಗೆ ಸ್ವಲ್ಪ ಅಳುಕಿದೆ, ಏಕೆಂದರೆ ಹಾದಿಯುದ್ದಕ್ಕೂ ಪೆಂಡಾಲು ಹಾಕಿ ಸಾವಿರಾರು ಜನರಿಗೆ ಅನ್ನವಿಕ್ಕುವ ನಮ್ಮ ಭಕ್ತರ ಔದಾರ್ಯ ಅಸಾಮಾನ್ಯವಾದುದು. ಆದರೆ ಉಳಿದ ಅನ್ನ, ಸಾರು, ಹುಗ್ಗಿ, ಬಾಳೆಯ ಸಿಪ್ಪೆಗಳನ್ನು ಪೆಂಡಾಲಿನ ಹಿಂದೆ ಸುರಿದು ಹೋಗುವುದು ದಾಸೋಹವಲ್ಲ. ‘ಮೂಕಪ್ರಾಣಿಗಳು ತಿನ್ನಲಿ’ ಎಂದು ಪುಣ್ಯದ ಮಾತಾಡುವವರಿದ್ದಾರೆ. ಒಂದು ಕಾಲಕ್ಕೆ ನಾವೂ ಆಡಿದ್ದೇವೆ. ಗುಡ್ಡದ ಗುಡಿಗಳಲ್ಲಿ ಒಡೆದ ಕಾಯಿಯ ಹೋಳು, ಬೆಲ್ಲ, ದೀಪದ ಎಣ್ಣೆಯನ್ನು ರಾತ್ರಿ ಹಾಗೆಯೇ ಬಿಟ್ಟುಬರುವುದೂ ಇದೇ ಬಗೆ. ಬಳ್ಳಾರಿ, ಕೊಪ್ಪಳ, ತುಮಕೂರುಗಳ ಕಡೆ ಕರಡಿ ಗುಡಿಯ ಬಾಗಿಲು ಮುರಿದು ಎಣ್ಣೆ ನೆಕ್ಕಿಹೋದ ಸುದ್ದಿ ಆಗಾಗ ಬರುತ್ತದೆ. ಗಾದೆಯ ಕರಡಿ ಕೊನೆಗೂ ಶಿವಪೂಜೆಗೆ ಬಂದಂತಾಯಿತೆಂದು ನಕ್ಕು ಸುಮ್ಮನಾಗುವಂತಿಲ್ಲ; ಮುಂಜಾನೆ ಕತ್ತಲಲ್ಲಿ ಬಾಗಿಲು ತೆರೆಯಲು ಹೋಗುವ ಅರ್ಚಕನ ಪಾಡನ್ನು ನೆನೆಯಬೇಕು.

ಅಮೆರಿಕೆಯ ಯೆಲ್ಲೊಸ್ಟೋನ್ ಎಂಬ ದೊಡ್ಡ ಅರಣ್ಯೋದ್ಯಾನದಲ್ಲಿ ಹಿಂದೆ ವಸತಿಗೃಹಗಳ ಎಂಜಲನ್ನು ಬಯಲಿಗೆ ಸುರಿಯುತ್ತಿದ್ದರು. ಕರಡಿಗಳು ಬಂದು ತಿನ್ನುವುದನ್ನು ನೋಡಲು ಪ್ರವಾಸಿಗರು ಸಾಲುಗಟ್ಟುತ್ತಿದ್ದರು. ಇದು ಕೇಡೆಂದು ಅರಿತು 1970ರ ಸುಮಾರಿಗೆ ಆ ಗುಂಡಿಗಳನ್ನು ಮುಚ್ಚಿದಾಗ, ಎಂಜಲಿನಲ್ಲೇ ಬೆಳೆದಿದ್ದ ಕರಡಿಗಳು ಡೇರೆಗಳಿಗೆ ನುಗ್ಗಿದವು, ಬಹಳಷ್ಟನ್ನು ಕೊಲ್ಲಬೇಕಾಯಿತು. ಅನ್ನವಿಟ್ಟವರೇ ಅವುಗಳಿಗೆ ಮೃತ್ಯುವಾದರು. ನಮ್ಮ ರಾಜ್ಯದಲ್ಲೇ ಹಂಪಿಯ ಸಮೀಪ, 1994ರಲ್ಲಿ ಸ್ಥಾಪಿತವಾದ ದರೋಜಿ ಕರಡಿಧಾಮವಿದೆ. ಕಲ್ಲುಬಂಡೆಗಳ ನಡುವಿನ ಗವಿಗಳಿಂದ ಸಂಜೆಯ ಹೊತ್ತಿಗೆ ಕರಡಿಗಳು ಇಳಿದುಬರುವುದನ್ನು ಗೋಪುರದ ಮೇಲಿನಿಂದ ನೋಡಬಹುದು. ಮಕ್ಕಳನ್ನು ಕರೆದೊಯ್ದು ತೋರಿಸತಕ್ಕ ದೃಶ್ಯ. ಬಂಡೆಗೆ ಬೆಲ್ಲದ ಪಾಕ ಸವರಿ ಅವುಗಳನ್ನು ಕರೆಯುವ ಪದ್ಧತಿಗೆ ಮಾತ್ರ ನಮ್ಮ ಮನಸ್ಸು ಪೂರ್ತಿ ಒಪ್ಪದು. ಅದು ಇಲಾಖೆಯವರು ಧಾಮದೊಳಗೆ ಮಾಡುವ ಕೆಲಸ, ಅವರ ಲೆಕ್ಕ ಅವರಿಗೆ. ಅದನ್ನು ಕಂಡುಬಂದವರು ಬೇರೆ ಗುಡ್ಡಗಳಲ್ಲಿ ತಾವೂ ಬೆಲ್ಲ ಇಡದಿದ್ದರೆ ಸಾಕು.

ನಮ್ಮ ಪೀಳಿಗೆಯವರಿಗೆ ಕರಡಿಯ ವಿಷಯದಲ್ಲಿ ಒಂದು ಹುಸಿ ಸಲುಗೆಯೂ ಇದೆ. ಕಲಂದರ ಜನಾಂಗದವರು ಮೂಗಿಗೆ ಹಗ್ಗ ಪೋಣಿಸಿದ ಕರಡಿಯನ್ನು ಓಣಿಗೆ ತರುತ್ತಿದ್ದರು. ತಾಯಂದಿರು ಕೂಸಿನ ಅಂಜಿಕೆ ಹೋಗಲೆಂದು ಅದರ ಬೆನ್ನಮೇಲೆ ಕೂರಿಸುತ್ತಿದ್ದರು, ಕೂದಲನ್ನು ತಾಯತಕ್ಕೆ ಹಾಕುತ್ತಿದ್ದರು. ನಮ್ಮನ್ನೂ ಕೂರಿಸಿದ್ದರಂತೆ. ಆ ಕರಡಿ ಸಾಧುವಲ್ಲ, ಹಲ್ಲು ಕಿತ್ತು ಮೂಗು ಚುಚ್ಚಿದ ಸೆರೆಯಾಳು ಎಂಬುದು ನಮಗಾಗ ತಿಳಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕವೂ ಅದು ದಶಕಗಳ ಕಾಲ ನಡೆದು, ಕಡೆಗೆ 2009ರ ಹೊತ್ತಿಗೆ ನಿಂತಿತು. ಬಿಡಿಸಿ ತಂದ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯ ದೊರೆಯಿತು. ಕಲಂದರ ಕುಟುಂಬಗಳಿಗೂ ಬೇರೆ ಜೀವನೋಪಾಯ ಕಲ್ಪಿಸಿದರು. ಈ ಜಾತಿಯ ಕರಡಿಗಳು ಜಗತ್ತಿನಲ್ಲಿ ಒಟ್ಟು 20,000ಕ್ಕಿಂತ ಕಡಿಮೆ ಉಳಿದಿವೆಯೆಂದು ಅಂದಾಜು.

ಅಕ್ಕನ ಮಾತೆತ್ತಿ ನಮ್ಮನ್ನು ಪ್ರಶ್ನಿಸುವವರಿದ್ದಾರೆ: ಅಕ್ಕನಿಗಿಲ್ಲದ ಕರಡಿಯ ಭಯ ಇಂದಿನ ಭಕ್ತರಿಗೇಕೆ? ಅಕ್ಕ ಆ ಅಡವಿಯಲ್ಲಿ ಅನ್ನದ ರಾಶಿ ಸುರಿಯಲಿಲ್ಲ, ಲಕ್ಷ ಜನರೊಡನೆ ನೀರಿನ ಕೊಳ್ಳವನ್ನು ಮುತ್ತಲಿಲ್ಲ ಎಂದಷ್ಟೇ ನಮ್ಮ ಉತ್ತರ. ಮಲ್ಲಯ್ಯ ಕಾಯುವುದಿಲ್ಲವೆಂದು ನಾವು ಹೇಳುತ್ತಿಲ್ಲ; ಕಣ್ಣು, ಕಿವಿ, ಬುದ್ಧಿ, ಬಾಯಿಗಳನ್ನು ಕೊಟ್ಟವನೂ ಅವನೇ ತಾನೆ. ಯಾತ್ರೆಯಲ್ಲಿ ಯಾರಿಗಾದರೂ ಕೇಡಾದರೆ, ಅವರ ವ್ರತದಲ್ಲಿ ಲೋಪ ಹುಡುಕುವ ನಾಲಿಗೆಯನ್ನಂತೂ ದಯವಿಟ್ಟು ಕಟ್ಟಿಹಾಕಿಕೊಳ್ಳಿರಿ.

ಆ ನೇಕಾರ ತರುಣ ಈಗ ಮೊಮ್ಮಕ್ಕಳ ಅಜ್ಜ. ಒಂದೇ ಕಣ್ಣಿನಿಂದ ಮಗ್ಗ ನಡೆಸಿ ಸಂಸಾರ ತೂಗಿಸಿದ್ದಾರೆ. ಎರಡು ವರ್ಷ ಮನೆಯಿಂದ ಹೊರಗೆ ಬರದಿದ್ದವರು ಮೂರನೆಯ ವರ್ಷ ಮತ್ತೆ ಕಂಬಿಯ ಜೊತೆ ಹೊರಟರು, ಆಮೇಲೆ ತಪ್ಪಿಸಿದ್ದು ಬಹಳ ಕಡಿಮೆ. ತಂಡದ ಮುಂದೆ ನಡೆಯುವವರು ಅವರೇ. ಕೈಯಲ್ಲಿ ಎತ್ತಿನ ಕೊರಳ ಗೆಜ್ಜೆ ಕಟ್ಟಿದ ಕೋಲು. ಕಳೆದ ವಾರ ಮನೆಗೆ ಬಂದಿದ್ದರು. ಈ ಸಲ ದಾಸೋಹದ ಎಂಜಲು ತುಂಬಿ ಮರಳಿ ಆತ್ಮಕೂರಿಗೆ ಸಾಗಿಸಲು ಮುಚ್ಚಳವಿರುವ ಪೀಪಾಯಿಗಳು ಬೇಕಂತೆ, ಎರಡು ಸಿಕ್ಕಿವೆ, ಇನ್ನೂ ನಾಲ್ಕು ಬೇಕು. ಕೊಡಬಲ್ಲ ಸದ್ಭಕ್ತರು ಕಂಬಿ ಹೊರಡುವ ಮುನ್ನ ತಮ್ಮ ಊರಿನ ತಂಡದವರಿಗೆ ತಲುಪಿಸಬೇಕಾಗಿ ಪ್ರಾರ್ಥನೆ.